ಹರಡಿನ ಎಲುಬಿನ ಸಾಕ್ಷ್ಯ

ಶಾಸನಗಳಿಂದ ವಂಶಾವಳಿಗಳನ್ನು ನಿರ್ಣಯಿಸುವ ಇತಿಹಾಸದ ವಿದ್ಯಾರ್ಥಿಗಳಾದ ನಾವು ಅಸ್ಥಿಶಾಸ್ತ್ರದ ವಿಷಯವೊಂದನ್ನು ಎತ್ತಿಕೊಂಡುದಕ್ಕೆ ಕಾರಣವುಂಟು. ತಿಮಿಂಗಿಲದ ಕುಲಮೂಲವನ್ನು ಕುರಿತ ವಿವಾದದಲ್ಲಿ ಕಾಲಿನ ಹರಡಿನ ಸಣ್ಣ ಎಲುಬೊಂದು ಸಾಕ್ಷಿ ನುಡಿದಿದೆ. ಆ ಸಾಕ್ಷ್ಯವನ್ನು ತೂಗಿದ ರೀತಿ ನಮ್ಮ ಶಾಸ್ತ್ರಕ್ಕೂ ಬೋಧಪ್ರದವಾದುದು.

ಮನುಷ್ಯನ ಪಾದದ ಹಿಂಭಾಗದಲ್ಲಿ ಏಳು ಗುಲ್ಫಾಸ್ಥಿಗಳಿವೆ. ಅವುಗಳಲ್ಲಿ ಟೇಲಸ್ ಎಂಬುದು ಹಿಮ್ಮಡಿಯ ಎಲುಬಿನ ಮೇಲೆ ಕುಳಿತು, ಮೊಣಕಾಲಿನ ಕೆಳಗಿನ ಎರಡು ಎಲುಬುಗಳ ತುದಿಗಳ ನಡುವೆ ಸೇರಿಕೊಂಡಿದೆ. ದೇಹದ ಭಾರ ಇದರ ಮೂಲಕವೇ ಪಾದಕ್ಕಿಳಿಯುತ್ತದೆ. ಆದರೂ ಇದಕ್ಕೆ ಒಂದು ಸ್ನಾಯುವೂ ಅಂಟಿಕೊಂಡಿಲ್ಲ. ಮೇಲ್ಮೈಯ ಬಹುಭಾಗವನ್ನು ನುಣುಪಾದ ಮೃದ್ವಸ್ಥಿ ಆವರಿಸಿದೆ. ಆದುದರಿಂದ ಇದರ ಆಕಾರವನ್ನು ನೋಡಿ ಪಾದದ ಚಲನೆಯನ್ನು ಬಹುಮಟ್ಟಿಗೆ ಊಹಿಸಬಹುದು.

ಮನುಷ್ಯನಲ್ಲಿ ಈ ಎಲುಬಿನ ಮೇಲ್ಭಾಗ ಮಾತ್ರ ರಾಟೆಯಂತಿದೆ. ಮುಂದಿನ ತುದಿ ಗುಂಡಗಿದೆ. ದನ, ಆಡು, ಜಿಂಕೆ, ಹಂದಿ, ನೀರಾನೆ ಮೊದಲಾದ ಸಮಸಂಖ್ಯೆಯ ಗೊರಸುಳ್ಳ ಪ್ರಾಣಿಗಳಲ್ಲಾದರೋ ಎರಡು ತುದಿಗಳೂ ಬಾವಿಯ ರಾಟೆಯಂತೆ ನಡುವೆ ತಗ್ಗಾಗಿವೆ. ಈ ಜೋಡಿರಾಟೆ ಆ ಕುಲದ ಮುದ್ರೆಯೇ ಸರಿ.

1966ರಲ್ಲಿ ಲೀ ವಾನ್ ವಾಲೆನ್ ಅವರು ಹಲ್ಲುಗಳ ಸಾಮ್ಯವನ್ನು ಆಧರಿಸಿ, ತಿಮಿಂಗಿಲಗಳು ಮೆಸೊನಿಕಿಡ್ ಎಂಬ ಅಳಿದುಹೋದ ಮಾಂಸಾಹಾರಿಗಳಿಂದ ಬಂದುವೆಂದು ವಾದಿಸಿದ್ದರು. 1990ರ ದಶಕದ ಡಿಎನ್‌ಎ ಪರೀಕ್ಷೆಗಳು ನೀರಾನೆಯ ಬಾಂಧವ್ಯವನ್ನು ಸೂಚಿಸಿದುವು. ಇಂದಿನ ತಿಮಿಂಗಿಲಕ್ಕೆ ಹಿಂಗಾಲಿಲ್ಲವಾದುದರಿಂದ ಹರಡಿನ ಸಾಕ್ಷ್ಯ ಪಳೆಯುಳಿಕೆಗಳಿಂದಲೇ ದೊರೆಯಬೇಕಾಗಿತ್ತು. 2001ರಲ್ಲಿ ಫಿಲಿಪ್ ಜಿಂಜರಿಚ್ ಮತ್ತು ಸಂಗಡಿಗರು, ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ದೊರೆತ ಸುಮಾರು 4.7 ಕೋಟಿ ವರ್ಷಗಳಷ್ಟು ಹಳೆಯ ಕಾಲುಳ್ಳ ತಿಮಿಂಗಿಲಗಳನ್ನು ವಿವರಿಸಿದರು. ಅವುಗಳ ಹರಡಿನಲ್ಲಿ ಜೋಡಿರಾಟೆ ಕಂಡುಬಂದಿತು. ಅದುವರೆಗೆ ಮೆಸೊನಿಕಿಡ್ ಮೂಲವನ್ನೇ ಒಪ್ಪಿದ್ದ ಜಿಂಜರಿಚ್ ತಮ್ಮ ಅಭಿಪ್ರಾಯವನ್ನು ತಿದ್ದಿಕೊಂಡರು.

2007ರಲ್ಲಿ ಥೆವಿಸ್ಸನ್ ಅವರ ತಂಡವು ಇಂಡೋಹಯಸ್ ಎಂಬ ಪ್ರಾಣಿಯ ಅಧ್ಯಯನವನ್ನು ಪ್ರಕಟಿಸಿತು. ಭಾರತೀಯ ಭೂವಿಜ್ಞಾನಿ ಎ. ರಂಗರಾವ್ ಅವರು ಜಮ್ಮು ಪ್ರಾಂತದ ಕಾಲಾಕೋಟ್‌ನಿಂದ ಸಂಗ್ರಹಿಸಿದ್ದ ಶಿಲೆಗಳಲ್ಲಿ ಅದರ ಎಲುಬುಗಳು ಅಡಗಿದ್ದುವು. ಜೋಡಿರಾಟೆಯ ಹರಡಿದ್ದ ಆ ಪುಟ್ಟ ಪ್ರಾಣಿಯ ಕಿವಿಯ ಎಲುಬು ತಿಮಿಂಗಿಲದ್ದರಂತೆ ದಪ್ಪವಾಗಿತ್ತು.

ಹಲ್ಲಿನ ಸಾಕ್ಷ್ಯ ಸುಳ್ಳಾಗಿರಲಿಲ್ಲ. ಅದರಿಂದ ತೆಗೆದ ನಿರ್ಣಯ ತಪ್ಪಾಗಿತ್ತು. ಒಂದೇ ಬಗೆಯ ಆಹಾರವು ಬೇರೆ ಬೇರೆ ಕುಲಗಳಲ್ಲಿಯೂ ಒಂದೇ ಬಗೆಯ ಹಲ್ಲನ್ನು ರೂಪಿಸಬಲ್ಲುದು. ಬಿರುದು ಲಾಂಛನಗಳ ಹೋಲಿಕೆಯೊಂದರಿಂದಲೇ ಎರಡು ಅರಸುಮನೆತನಗಳನ್ನು ಒಂದೇ ವಂಶವೆನ್ನಲು ನಾವೂ ಆತುರಪಡುವುದುಂಟು. ಹಾಗೆ ಬರೆಯುವ ಮುನ್ನ, ಅನುಕರಣೆಯಿಂದ ಬರಲಾರದ ಗುರುತು ಯಾವುದೆಂದು ನಾವು ಹುಡುಕಬೇಕು. ಅದು ದೊರೆತಾಗ ನಮ್ಮ ಹಿಂದಿನ ಬರಹವನ್ನು ತಿದ್ದಿಕೊಳ್ಳಲು ಹಿಂಜರಿಯಬಾರದು.