ನೆವ ಹೇಳುವ ಅಭ್ಯಾಸ



ಲೂಕನು ಬರೆದ ಸುವಾರ್ತೆಯ 14ನೆಯ ಅಧ್ಯಾಯದಲ್ಲಿ, ದೊಡ್ಡ ಔತಣಕ್ಕೆ ಕರೆಯಲ್ಪಟ್ಟರೂ ಬಾರದೆಹೋದ ಮೂವರ ಸಾಮ್ಯವುಂಟಷ್ಟೆ. ಒಬ್ಬನು ಹೊಲವನ್ನು ಕೊಂಡಿದ್ದನು, ಇನ್ನೊಬ್ಬನು ಐದು ಜೋಡಿ ಎತ್ತುಗಳನ್ನು ಕೊಂಡಿದ್ದನು, ಮತ್ತೊಬ್ಬನು ಮದುವೆಮಾಡಿಕೊಂಡಿದ್ದನು. ಇವರು ಸುಳ್ಳಾಡಿದರೆಂದು ಕರ್ತನು ಹೇಳಲಿಲ್ಲವೆಂಬುದನ್ನು ಗಮನಿಸಿರಿ. ನೆವದ ಅಪಾಯವು ಇಲ್ಲಿಯೇ ಇದೆ. ಅದು ಸುಳ್ಳಾಗಿದ್ದರೆ ಮನಸ್ಸಾಕ್ಷಿಯು ನಮ್ಮನ್ನು ಚುಚ್ಚುತ್ತಿತ್ತು. ನಿಜವಾಗಿರುವುದರಿಂದಲೇ ನಾವು ಅದರ ಮರೆಯಲ್ಲಿ ನೆಮ್ಮದಿಯಾಗಿ ಕುಳಿತಿರುವೆವು.

ಹಾಗಾದರೆ ತಕ್ಕ ಕಾರಣಕ್ಕೂ ನೆವಕ್ಕೂ ಭೇದವೇನು? ಕಾರಣವುಳ್ಳವನು ಬೇರೊಂದು ದಾರಿಯನ್ನು ಹುಡುಕುವನು. ನೆವ ಹೇಳುವವನು ದಾರಿ ಮುಚ್ಚಿತೆಂದು ಒಳಗೊಳಗೆ ಸಂತೋಷಪಡುವನು. ತಾನು ಮಾತುಬಲ್ಲವನಲ್ಲವೆಂದು ಮೋಶೆಯು ಹಿಂಜರಿದಾಗ ದೇವರು ಅವನನ್ನು ಬಿಟ್ಟುಬಿಡದೆ ಆರೋನನನ್ನು ಜೊತೆಗೊಟ್ಟನು. ಕೊರತೆಯಿರುವಲ್ಲಿ ಸಹಾಯವನ್ನು ಬೇಡಬೇಕೇ ಹೊರತು ಬಿಡುಗಡೆಯನ್ನಲ್ಲ.

ಪಂಡಿತಾ ರಮಾಬಾಯಿಯವರು 1858ರಲ್ಲಿ ನಮ್ಮ ಕರ್ನಾಟಕದ ಗಂಗಾಮೂಲದ ಅರಣ್ಯದಲ್ಲಿ ಹುಟ್ಟಿದವರು. ಕ್ಷಾಮಕಾಲದಲ್ಲಿ ತಾಯಿತಂದೆಗಳನ್ನು ಕಳೆದುಕೊಂಡರು. 1882ರಲ್ಲಿ ಎಳೆಯ ಮಗಳೊಡನೆ ವಿಧವೆಯಾದರು. ವೈದ್ಯವಿದ್ಯೆಗಾಗಿ 1883ರಲ್ಲಿ ಇಂಗ್ಲೆಂಡಿಗೆ ಹೋದರೆ, ಕಿವಿ ಮಂದವಾಗಿ ಆ ಬಾಗಿಲೂ ಮುಚ್ಚಿತು. ಇವುಗಳಲ್ಲಿ ಒಂದೇ ಸಾಕಾಗಿತ್ತು, ಸುಮ್ಮನೆ ಕುಳಿತುಕೊಳ್ಳುವುದಕ್ಕೆ. ಅವರಾದರೋ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. 1896-97ರ ಕ್ಷಾಮದಲ್ಲಿ ನೂರಾರು ಅನಾಥ ಬಾಲೆಯರನ್ನು ಕರೆತಂದು, ಪುಣೆಯ ಸಮೀಪದ ಕೇಡಗಾಂವಿನಲ್ಲಿ ಆಶ್ರಯಕೊಟ್ಟು ಸಾಕಿದರು.

ಈಗ ನಮ್ಮ ಮನೆಗಳನ್ನು ನೋಡೋಣ. ಅರಕಲಗೂಡಿನಲ್ಲಿ ಮಳೆ ಹಿಡಿಯಿತು, ಚನ್ನರಾಯಪಟ್ಟಣದಲ್ಲಿ ರಾಗಿಯ ಕೊಯ್ಲು ಬಂದಿತು, ಹಾಸನದಲ್ಲಿ ನೆಂಟರು ಬಂದರು. ಆರಾಧನೆಯೂ ಮನೆಯ ಪ್ರಾರ್ಥನೆಯೂ ಮುಂದಿನ ವಾರಕ್ಕೆ ಹೋದವು. ಮಗಳ ಓದನ್ನು ನಿಲ್ಲಿಸುವಾಗಲೂ ಹೀಗೆಯೇ: ಕೈಯಲ್ಲಿ ಹಣವಿಲ್ಲ, ಅವಳು ಹೇಗೂ ಪರರ ಮನೆಗೆ ಹೋಗುವವಳು. ತಾಯಿತಂದೆಗಳೇ, ಬೇರೆ ದಾರಿಯನ್ನು ಹುಡುಕಿ ನೋಡಿದಿರೋ?

ನನ್ನ ತಪ್ಪನ್ನೂ ಒಪ್ಪಿಕೊಳ್ಳುವೆನು. ನನ್ನೊಡನೆ ಓದಿದವಳೊಬ್ಬಳು ಹೊಳೆನರಸೀಪುರದಲ್ಲಿ ಕಾಯಿಲೆಯಿಂದ ಮಲಗಿದ್ದಳು. ಹಾಸನದಿಂದ ಅಲ್ಲಿಗೆ ಸುಮಾರು 30 ಕಿಲೋಮೀಟರು ಮಾತ್ರ. ಮಕ್ಕಳ ಪರೀಕ್ಷೆ ಮುಗಿಯಲಿ ಎಂದೆನು. ಬಿಸಿಲು ಇಳಿಯಲಿ ಎಂದೆನು. ಎರಡೂ ನಿಜವಾದ ಮಾತುಗಳೇ. ನಾನು ಹೋದ ದಿನ ಅವಳ ಮಂಚವು ಬರಿದಾಗಿತ್ತು. ಅವಳ ತಾಯಿ ನನ್ನನ್ನು ದೂರಲಿಲ್ಲ. "ನಿನ್ನನ್ನು ಕೇಳುತ್ತಿದ್ದಳಮ್ಮಾ" ಎಂದಷ್ಟೇ ಹೇಳಿದರು.

ಈ ಚಾಳಿಯನ್ನು ಜಯಿಸಲು ಮೂರು ಉಪಾಯಗಳನ್ನು ನಾನು ಅಂದಿನಿಂದ ಕಲಿಯುತ್ತಿದ್ದೇನೆ. ಮೊದಲನೆಯದಾಗಿ, "ನನಗೆ ಆಗದು" ಎಂಬಲ್ಲಿ "ನನಗೆ ಮನಸ್ಸಿಲ್ಲ" ಎಂದು ದೇವರ ಮುಂದೆ ನೇರವಾಗಿ ಅರಿಕೆಮಾಡುವುದು. ಎರಡನೆಯದಾಗಿ, ಮಾಡಬೇಕಾದ ಕೆಲಸಕ್ಕೆ ದಿನವನ್ನು ಗೊತ್ತುಮಾಡಿ ಮತ್ತೊಬ್ಬರಿಗೆ ತಿಳಿಸುವುದು. ಮೂರನೆಯದಾಗಿ, ಪೂರ್ತಿಯಾಗಿ ಮಾಡಲಾಗದಿದ್ದರೆ ಸ್ವಲ್ಪವನ್ನಾದರೂ ಇಂದೇ ಮಾಡುವುದು.

ಔತಣವು ಸಿದ್ಧವಾಗಿದೆ. ನಮ್ಮ ಹೊಲವೂ ಎತ್ತುಗಳೂ ನಾಳೆಯೂ ಇರುವವು, ಕರೆಯು ಇಂದಿನದು.