ತಕ್ಕಡಿಯಿಂದ ಬ್ಯಾಂಕಿನವರೆಗೆ: ಯಂತ್ರಗಳನ್ನು ಜೋಡಿಸುವ ಮುನ್ನ

ಸದಸ್ಯರೊಬ್ಬರು ಒಂದು ಮೂಟೆ ಚಾಲಿ ಅಡಿಕೆಯನ್ನು ನಮ್ಮ ಖರೀದಿ ಕೇಂದ್ರಕ್ಕೆ ತಂದರೆಂದು ಇಟ್ಟುಕೊಳ್ಳೋಣ. ಆ ಮೂಟೆಯ ತೂಕವನ್ನು ನಾವು ಎಷ್ಟು ಸಲ ಬರೆಯುತ್ತೇವೆ? ತೂಕದ ಚೀಟಿಯಲ್ಲಿ ಒಮ್ಮೆ, ಖರೀದಿ ಪುಸ್ತಕದಲ್ಲಿ ಒಮ್ಮೆ, ಬಿಲ್ಲಿನಲ್ಲಿ ಒಮ್ಮೆ, ಸದಸ್ಯರ ಖಾತೆಯಲ್ಲಿ ಒಮ್ಮೆ, ದಾಸ್ತಾನು ಪುಸ್ತಕದಲ್ಲಿ ಒಮ್ಮೆ, ಸಂಜೆ ಕೇಂದ್ರ ಕಛೇರಿಗೆ ಹೋಗುವ ವರದಿಯಲ್ಲಿ ಇನ್ನೊಮ್ಮೆ. ಒಟ್ಟು ಆರು ಸಲ. ಇವುಗಳಲ್ಲಿ ಕೆಲವನ್ನು ಈಗ ಕಂಪ್ಯೂಟರಿನಲ್ಲೇ ಬರೆಯುತ್ತೇವೆ, ನಿಜ. ಆದರೆ ಒಂದು ಕಡೆಯದನ್ನು ನೋಡಿ ಇನ್ನೊಂದು ಕಡೆಗೆ ಇಳಿಸುವವರು ಮನುಷ್ಯರೇ.

ಹೀಗೆ ಇಳಿಸುವಾಗ ಒಮ್ಮೆ 64 ಕಿಲೋ 600 ಗ್ರಾಂ ಇದ್ದದ್ದು 46 ಕಿಲೋ 600 ಗ್ರಾಂ ಆಯಿತು. ಬರೆದ ಗುಮಾಸ್ತರು ಪ್ರಾಮಾಣಿಕರು. ಅಂದು ಸಂತೆಯ ದಿನ, ಕೌಂಟರಿನ ಮುಂದೆ ಸಾಲು ಉದ್ದವಿತ್ತು, ಅಷ್ಟೇ. "18 ಕಿಲೋ ಅಡಿಕೆ ದಾರಿಯಲ್ಲಿ ಯಾರು ತಿಂದರು ಮಾರಾಯ್ರೆ?" ಎಂದು ಆ ಸದಸ್ಯರು ನಗುತ್ತಲೇ ಕೇಳಿದರು. ಆದರೆ ತಪ್ಪು ಎಲ್ಲಿ ನುಸುಳಿತೆಂದು ಹುಡುಕಿ ಸರಿಪಡಿಸುವುದರೊಳಗೆ ಅವರು ಮೂರು ಸಲ ಬಸ್ಸು ಹತ್ತಿ ಬರಬೇಕಾಯಿತು. ಆ ಮೂರು ಪ್ರಯಾಣಗಳ ಋಣ ನಮ್ಮ ಮೇಲಿದೆ.

ಇಂಥ ತೊಂದರೆಗಳಿಗೆ ಪರಿಹಾರವೆಂದು ಈಗ ಎಲ್ಲೆಡೆ ಕೇಳಿಬರುತ್ತಿರುವುದು ಹಲವು ಸ್ವಯಂಚಾಲಿತ ಸಾಧನಗಳನ್ನು ಒಂದಕ್ಕೊಂದು ಜೋಡಿಸಿ, ಸಂಸ್ಥೆಯ ಇಡೀ ವ್ಯವಹಾರವನ್ನು ಒಂದೇ ಸರಪಳಿಯಾಗಿ ನಡೆಸುವ ಪದ್ಧತಿ. ಅಮೆರಿಕದ ಗಾರ್ಟ್‌ನರ್ ಎಂಬ ಸಲಹಾ ಸಂಸ್ಥೆ 2019ರಲ್ಲಿ ಇದಕ್ಕೆ 'ಹೈಪರ್ ಆಟೊಮೇಷನ್' ಎಂದು ಹೆಸರಿಟ್ಟಿತು. ಹೆಸರು ದೊಡ್ಡದು, ವಿಷಯ ಸರಳ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರವು 2022ರಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟ ಮೇಲೆ, ಇದು ಸಹಕಾರಿಗಳ ಬಾಗಿಲಿಗೂ ಬಂದ ಮಾತಾಗಿದೆ. ಆದುದರಿಂದ ಸದಸ್ಯ ಬಂಧುಗಳ ತಿಳಿವಳಿಕೆಗಾಗಿ ಇದನ್ನು ಸ್ಥೂಲವಾಗಿ ವಿವರಿಸಲು ಯತ್ನಿಸಿದ್ದೇವೆ.

ಸರಪಳಿಯ ಕೊಂಡಿಗಳು

ಮೊದಲನೆಯದು ಕಂಪ್ಯೂಟರಿಗೆ ಸಂಪರ್ಕವಿರುವ ವಿದ್ಯುನ್ಮಾನ ತಕ್ಕಡಿ. ತೂಕ ನಿಂತ ಕೂಡಲೇ ಅಂಕಿ ತಾನಾಗಿ ದಾಖಲಾಗುತ್ತದೆ; ಯಾರೂ ಬರೆಯಬೇಕಿಲ್ಲ.

ಎರಡನೆಯದು ಮೂಟೆಗೆ ಕಟ್ಟುವ ಗುರುತಿನ ಚೀಟಿ. ಅದರ ಮೇಲಿನ ಕ್ಯೂಆರ್ ಚೌಕವನ್ನು ಮೊಬೈಲಿನಿಂದಲೇ ಓದಬಹುದು. ಮೂಟೆ ಯಾರದು, ಯಾವ ದಿನದ್ದು, ಯಾವ ದರ್ಜೆ ಎಂಬುದು ಗೋದಾಮಿನ ಮೂಲೆಯಲ್ಲಿದ್ದರೂ ತಿಳಿಯುತ್ತದೆ. ಕಾಫಿಯಲ್ಲಿ ಇದರ ಪ್ರಯೋಜನ ಇನ್ನೂ ಹೆಚ್ಚು. ಚೆರಿ ಕಾಫಿಯ ಬೆಲೆ ಔಟ್‌ಟರ್ನ್ ಮೇಲೆ ನಿಂತಿದೆ. ಮಾದರಿಯ ಪೊಟ್ಟಣ ಒಂದು ಮೂಟೆಯದು, ಚೀಟಿ ಇನ್ನೊಂದರದು ಆದರೆ ಬೆಳೆಗಾರನ ವರ್ಷದ ದುಡಿಮೆಯೇ ಅದಲುಬದಲಾದಂತೆ. ಮೂಟೆಗೂ ಮಾದರಿಗೂ ಒಂದೇ ಗುರುತು ಇದ್ದರೆ ಈ ಭಯವಿಲ್ಲ.

ಮೂರನೆಯದು ನಿಯಮಗಳ ತಂತ್ರಾಂಶ. ಅಂದಿನ ದರ, ಸಾಲದ ಕಂತು, ಗೊಬ್ಬರದ ಬಾಕಿ ಇವನ್ನೆಲ್ಲ ಕೂಡಿ ಕಳೆದು ಬಿಲ್ಲು ಸಿದ್ಧಪಡಿಸುವುದು ಇದರ ಕೆಲಸ.

ನಾಲ್ಕನೆಯದನ್ನು 'ಸಾಫ್ಟ್‌ವೇರ್ ರೋಬೋ' ಎನ್ನುತ್ತಾರೆ. ಇದಕ್ಕೆ ಕೈಕಾಲುಗಳಿಲ್ಲ. ಗುಮಾಸ್ತರು ಒಂದು ಪರದೆಯಲ್ಲಿ ನೋಡಿ ಇನ್ನೊಂದರಲ್ಲಿ ತುಂಬುವ ಕೆಲಸವನ್ನು ಅದೇ ಕ್ರಮದಲ್ಲಿ ಮಾಡುವ ತಂತ್ರಾಂಶವಿದು. ಉದಾಹರಣೆಗೆ, 50,000 ರೂಪಾಯಿಗೆ ಮೀರಿದ ಸರಕು ಲಾರಿ ಏರಬೇಕಾದರೆ 2018ರಿಂದ ಇ-ವೇ ಬಿಲ್ ಬೇಕಾಗಿದೆ. ನಮ್ಮ ಬಿಲ್ಲಿನಲ್ಲಿರುವ ವಿವರಗಳನ್ನೇ ಮತ್ತೆ ಸರಕಾರಿ ತಾಣದಲ್ಲಿ ತುಂಬುವ ಶ್ರಮವನ್ನು ಇದು ತಪ್ಪಿಸುತ್ತದೆ.

ಕೊನೆಯದು ಬ್ಯಾಂಕು. 2019ರ ಡಿಸೆಂಬರಿನಿಂದ ನೆಫ್ಟ್ ಮೂಲಕ ಹಗಲು ರಾತ್ರಿ, ರಜಾದಿನಗಳಲ್ಲೂ ಹಣ ಕಳುಹಿಸಬಹುದು. ಬಿಲ್ಲು ಒಪ್ಪಿಗೆಯಾದ ಸಂಜೆಯೇ ಹಣ ಖಾತೆಗೆ ಹೋಗಲು ಬ್ಯಾಂಕಿನ ಕಡೆಯಿಂದ ಅಡ್ಡಿಯಿಲ್ಲ.

ಇವುಗಳಲ್ಲಿ ಒಂದನ್ನು ಮಾತ್ರ ಕೊಂಡರೆ ಲಾಭ ಅಲ್ಪ. ತಕ್ಕಡಿ ಎಷ್ಟು ನಿಖರವಾಗಿದ್ದರೇನು, ಅದರ ಅಂಕಿಯನ್ನು ಮತ್ತೆ ಐದು ಕಡೆ ಕೈಯಿಂದ ಬರೆಯುವುದಾದರೆ? ಒಮ್ಮೆ ಬರೆದದ್ದು ಕೊನೆಯವರೆಗೂ ಹರಿಯಬೇಕು. ಜೋಡಣೆಯ ಸಾರ ಇಷ್ಟೇ.

ಚಹಾದ ಅಂಗಡಿ ಕಲಿಸಿದ ಪಾಠ

ವ್ಯಾಪಾರದ ದಿನನಿತ್ಯದ ಲೆಕ್ಕಕ್ಕೆ ಕಂಪ್ಯೂಟರನ್ನು ಮೊದಲು ದುಡಿಸಿಕೊಂಡದ್ದು ಬ್ಯಾಂಕಲ್ಲ, ಕಾರ್ಖಾನೆಯೂ ಅಲ್ಲ. ಚಹಾ ಮತ್ತು ಬೇಕರಿ ತಿಂಡಿಗಳನ್ನು ಮಾರುತ್ತಿದ್ದ ಲಂಡನ್ನಿನ ಲಯನ್ಸ್ ಕಂಪೆನಿ. 'ಲಿಯೊ' ಎಂಬ ತನ್ನದೇ ಕಂಪ್ಯೂಟರನ್ನು ಕಟ್ಟಿಸಿ 1951ರಲ್ಲಿ ಬೇಕರಿಯ ಲೆಕ್ಕವನ್ನು ಅದಕ್ಕೆ ಒಪ್ಪಿಸಿತು. 1954ರಲ್ಲಿ ತನ್ನ ಚಹಾದಂಗಡಿಗಳ ಬೇಡಿಕೆಯನ್ನೂ ಅದಕ್ಕೆ ವಹಿಸಿತು.

ಆಗ ಅವರು ಮಾಡಿದ ಉಪಾಯ ಗಮನಾರ್ಹ. ಪ್ರತಿ ಅಂಗಡಿಗೂ ವಾರದ ಆಯಾ ದಿನಕ್ಕೆ ಬೇಕಾಗುವ ಸರಕಿನ ಖಾಯಂ ಪಟ್ಟಿಯನ್ನು ಮೊದಲೇ ಗೊತ್ತುಮಾಡಿದರು. ಅಂಗಡಿಯ ವ್ಯವಸ್ಥಾಪಕಿ ದಿನವೂ ನಿಗದಿಯಾದ ವೇಳೆಗೆ ದೂರವಾಣಿಯಲ್ಲಿ ಬದಲಾವಣೆಗಳನ್ನಷ್ಟೇ ಹೇಳಬೇಕು: ಇಂದು ಬನ್ನು ಇಷ್ಟು ಹೆಚ್ಚು, ಕೇಕು ಇಷ್ಟು ಕಡಿಮೆ. ಇತ್ತ ಕಿವಿಗೆ ಫೋನು ಸಿಕ್ಕಿಸಿಕೊಂಡ ಸಿಬ್ಬಂದಿ ಕೇಳುತ್ತಲೇ ಅದನ್ನು ರಂಧ್ರದ ಕಾರ್ಡುಗಳಿಗೆ ಇಳಿಸುತ್ತಿದ್ದರು. ಆ ಕಾರ್ಡುಗಳಿಂದ ಪ್ಯಾಕಿಂಗಿನ ಪಟ್ಟಿ, ಸಾಗಾಟದ ಪಟ್ಟಿ, ತಯಾರಿಸಬೇಕಾದ ಒಟ್ಟು ಪ್ರಮಾಣ, ಲೆಕ್ಕಪತ್ರ ಎಲ್ಲವೂ ಹೊರಬರುತ್ತಿದ್ದವು. ದೂರವಾಣಿ, ಕಾರ್ಡು, ಕಂಪ್ಯೂಟರು ಮೂರನ್ನೂ ಸೇರಿಸಿ, ಅಂಗಡಿಯಾಕೆಯ ಒಂದು ಮಾತನ್ನು ಬೇಕರಿಯವರೆಗೂ ಒಯ್ದರು.

ಮೊದಲು ದಾರಿ ನೆಟ್ಟಗಾಗಲಿ

ಎರಡನೆಯ ಪಾಠ ಅಮೆರಿಕದ ಫೋರ್ಡ್ ಮೋಟಾರು ಕಂಪೆನಿಯದು. 1980ರ ದಶಕದ ಆರಂಭದಲ್ಲಿ ಅದರ ಉತ್ತರ ಅಮೆರಿಕ ವಿಭಾಗದಲ್ಲಿ, ಸರಕು ಒದಗಿಸಿದವರಿಗೆ ಹಣ ಪಾವತಿ ಮಾಡಲೆಂದೇ 500ಕ್ಕೂ ಹೆಚ್ಚು ಮಂದಿ ಇದ್ದರು. ಕಂಪ್ಯೂಟರು ತಂದು ಇದನ್ನು 400ಕ್ಕೆ ಇಳಿಸೋಣವೆಂದು ಯೋಚಿಸುತ್ತಿದ್ದಾಗ, ಜಪಾನಿನ ಮಾಜ್ದಾ ಕಂಪೆನಿಯಲ್ಲಿ ಈ ಕೆಲಸಕ್ಕೆ ಐದೇ ಮಂದಿ ಇರುವುದು ತಿಳಿಯಿತು. ಮಾಜ್ದಾ ಚಿಕ್ಕ ಕಂಪೆನಿ ಎಂದು ಲೆಕ್ಕ ಹಾಕಿದರೂ ಅಂತರ ವಿಪರೀತವೇ.

ಪರಿಶೀಲಿಸಿದಾಗ ತಿಳಿದದ್ದೇನೆಂದರೆ, ಫೋರ್ಡಿನ ಗುಮಾಸ್ತರು ಬೇಡಿಕೆ ಪತ್ರ, ಸರಕು ತಲಪಿದ ಚೀಟಿ, ಮಾರಿದವರ ಬಿಲ್ಲು ಈ ಮೂರನ್ನೂ ಹಿಡಿದು 14 ವಿವರಗಳನ್ನು ತಾಳೆ ನೋಡುತ್ತಿದ್ದರು. ತಾಳೆಯಾಗದಿದ್ದರೆ ಹುಡುಕಾಟ, ಪತ್ರವ್ಯವಹಾರ. ಫೋರ್ಡ್ ಆ ಬಿಲ್ಲನ್ನೇ ಕೈಬಿಟ್ಟಿತು. ಸರಕು ಬಾಗಿಲಿಗೆ ಬಂದಾಗ ಬೇಡಿಕೆಗೆ ಸರಿಹೊಂದಿದರೆ ಅಲ್ಲೇ ದಾಖಲೆ, ಅದರ ಮೇಲೆಯೇ ಹಣ. ತಾಳೆ ನೋಡಬೇಕಾದ ವಿವರಗಳು ಮೂರಕ್ಕಿಳಿದವು, ಸಿಬ್ಬಂದಿ ಮುಕ್ಕಾಲು ಪಾಲು ಕಡಿಮೆಯಾದರು. ಮೈಕೆಲ್ ಹ್ಯಾಮರ್ ಎಂಬವರು 1990ರಲ್ಲಿ ಬರೆದ ಲೇಖನದಿಂದ ಈ ಸಂಗತಿ ಪ್ರಸಿದ್ಧವಾಯಿತು.

ಬೇಡದ ಕೆಲಸವನ್ನು ಯಂತ್ರದಿಂದ ಮಾಡಿಸುವುದು ಲಾಭವಲ್ಲ. ನಮ್ಮ ಆರು ಬರವಣಿಗೆಗಳಲ್ಲಿ ನಿಜವಾಗಿ ಬೇಕಾದವು ಎಷ್ಟೆಂದು ಮೊದಲು ನಾವೇ ಕುಳಿತು ನೋಡಬೇಕು. ಉಳಿದವನ್ನು ಬಿಟ್ಟ ಮೇಲೆಯೇ ಯಂತ್ರದ ಮಾತು. ಇದರೊಡನೆ ಸಿಬ್ಬಂದಿಯ ಮಾತೂ ಬರುತ್ತದೆ. ಬರವಣಿಗೆ ಕಡಿಮೆಯಾದರೆ ಉಳಿಯುವ ಕೈಗಳಿಗೆ ದರ್ಜೆ ನೋಡುವುದು, ದೂರು ಕೇಳುವುದು, ತೋಟಗಳಿಗೆ ಹೋಗಿ ಬರುವುದು ಮುಂತಾದ ಕೆಲಸ ಸಹಕಾರಿಯಲ್ಲಿ ಬೇಕಾದಷ್ಟಿದೆ.

ತಪ್ಪೂ ಹರಿಯುತ್ತದೆ

ಸರಪಳಿಯಲ್ಲಿ ಸರಿಯಾದ ಅಂಕಿ ಹರಿಯುವಷ್ಟೇ ಸಲೀಸಾಗಿ ತಪ್ಪು ಅಂಕಿಯೂ ಹರಿಯುತ್ತದೆ. ತೂಕ, ತೇವಾಂಶಗಳನ್ನು ಯಂತ್ರ ಹೇಳಬಲ್ಲದು. ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಕಾಫಿ ಬೀಜವನ್ನು ಬಣ್ಣ ನೋಡಿ ಆರಿಸುವ ಯಂತ್ರಗಳೂ ಇವೆ. ಆದರೆ ನಮ್ಮ ಕೇಂದ್ರದಲ್ಲಿ ಇದು ಪಟೋರ, ಇದು ಕರಿಗೋಟು ಎಂದು ಹೇಳುವುದು ಇಂದಿಗೂ ಅನುಭವಿಯ ಕಣ್ಣು. ಆ ಕಣ್ಣು ತಪ್ಪಿದರೆ ಹಿಂದೆ ಆರು ಪುಸ್ತಕಗಳಲ್ಲಿ ಎಲ್ಲಾದರೊಂದು ಕಡೆ ಯಾರಾದರೂ ಸಂಶಯಪಡುತ್ತಿದ್ದರು. ಜೋಡಿಸಿದ ವ್ಯವಸ್ಥೆಯಲ್ಲಿ ಆರೂ ಪುಸ್ತಕಗಳು ಒಂದೇ ಸುಳ್ಳನ್ನು ಹೇಳುತ್ತವೆ.

ಇದರ ಘೋರ ಉದಾಹರಣೆ ಬ್ರಿಟಿಷ್ ಅಂಚೆ ಕಛೇರಿಗಳಲ್ಲಿ ನಡೆದಿದೆ. ಅಲ್ಲಿ 1999ರಿಂದ 'ಹೊರೈಜನ್' ಎಂಬ ಕಂಪ್ಯೂಟರ್ ಲೆಕ್ಕದ ವ್ಯವಸ್ಥೆ ಬಂತು. ಶಾಖೆಗಳಲ್ಲಿ ಇಲ್ಲದ ಹಣದ ಕೊರತೆಯನ್ನು ಅದು ತೋರಿಸತೊಡಗಿತು. ಶಾಖೆ ನಡೆಸುವವರು "ನಾವು ಮುಟ್ಟಿಲ್ಲ" ಎಂದರೂ, ಯಂತ್ರ ತಪ್ಪುವುದುಂಟೇ ಎಂಬ ವಾದವೇ ಗೆದ್ದಿತು. 2015ರವರೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಕೆಲವರು ಜೈಲು ಸೇರಿದರು, ಹಲವರು ಕೈಯಿಂದ ಹಣ ತುಂಬಿ ಮನೆ ಕಳೆದುಕೊಂಡರು. ವ್ಯವಸ್ಥೆಯಲ್ಲಿ ದೋಷಗಳಿದ್ದವು, ಶಾಖೆಯವರಿಗೆ ತಿಳಿಯದಂತೆ ಹೊರಗಿನಿಂದ ಲೆಕ್ಕವನ್ನು ತಿದ್ದಲು ಸಾಧ್ಯವಿತ್ತು ಎಂದು ಲಂಡನ್ನಿನ ಹೈಕೋರ್ಟು 2019ರಲ್ಲಿ ತೀರ್ಪಿತ್ತಿತು. ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದುಪಡಿಸಲು 2024ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ವಿಪರ್ಯಾಸವೆಂದರೆ, ಚಹಾದಂಗಡಿಯ ಲಿಯೊ ಕಟ್ಟಿದ ಸಂಸ್ಥೆ ಹಲವು ವಿಲೀನಗಳ ಬಳಿಕ ಸೇರಿದ್ದು ಹೊರೈಜನ್ನನ್ನು ಒದಗಿಸಿದ ಕಂಪೆನಿಯ ವಂಶಕ್ಕೇ. ಅಲ್ಲಿ ಅಂಗಡಿಯಾಕೆಯ ಮಾತಿನಿಂದಲೇ ಎಲ್ಲ ಆರಂಭವಾಗುತ್ತಿತ್ತು. ಇಲ್ಲಿ ಕೌಂಟರಿನಲ್ಲಿ ಕುಳಿತವರ ಮಾತಿಗೆ ಬೆಲೆಯೇ ಇರಲಿಲ್ಲ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬುದು ನಮ್ಮವರ ಗಾದೆ. ಸಹಕಾರಿಯ ಬಂಡವಾಳ ಸದಸ್ಯರ ನಂಬಿಕೆ. ಅದನ್ನು ಕಳೆದುಕೊಂಡು ಗಳಿಸುವ ವೇಗ ನಮಗೆ ಬೇಡ.

ಸದಸ್ಯರು ಕೇಳಬೇಕಾದದ್ದು

ಆದುದರಿಂದ ಇಂಥ ಯೋಜನೆ ಮಹಾಸಭೆಯ ಮುಂದೆ ಬಂದಾಗ ಬೆಲೆಯೊಂದನ್ನೇ ಕೇಳದೆ, ಕೆಳಗಿನವುಗಳನ್ನೂ ಕೇಳಬೇಕಾಗಿ ವಿನಂತಿ.

1. ಮೂಟೆ ಗೋದಾಮಿಗೆ ಹೋಗುವ ಮೊದಲೇ ತೂಕ, ತೇವಾಂಶ, ದರ್ಜೆಗಳ ಮುದ್ರಿತ ಚೀಟಿ ಸದಸ್ಯರ ಕೈಗೆ ಸಿಗುವುದೇ?

2. ದರ್ಜೆಯಲ್ಲಿ ತಕರಾರಿದ್ದರೆ ಆ ಮೂಟೆಯನ್ನು ಬೇರೆ ಇಟ್ಟು, ಇನ್ನೊಬ್ಬರಿಂದ ನೋಡಿಸುವ ಏರ್ಪಾಡು ಇದೆಯೇ?

3. ಒಮ್ಮೆ ದಾಖಲಾದ ಅಂಕಿಯನ್ನು ಅಳಿಸಲು ಬಾರದಂತಿದೆಯೇ? ತಿದ್ದಿದರೆ ಹಳೆಯ ಅಂಕಿ, ತಿದ್ದಿದವರ ಹೆಸರು, ವೇಳೆ ಇವು ಉಳಿಯುವುವೇ?

4. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕು ಇಲ್ಲದಾಗಲೂ ಖರೀದಿ ನಡೆದು, ಅವು ಬಂದ ಮೇಲೆ ಲೆಕ್ಕ ತಾನಾಗಿ ಸೇರುವಂತಿದೆಯೇ?

5. ಮೊದಲು ಒಂದು ಕೇಂದ್ರದಲ್ಲಿ, ಒಂದು ಪೂರ್ಣ ಹಂಗಾಮು, ಕೈಬರಹದ ಪುಸ್ತಕವನ್ನೂ ಜೊತೆಗಿಟ್ಟು ತಾಳೆ ನೋಡುವರೇ?

6. ಲೆಕ್ಕ ಸಂಶಯವೆನಿಸಿದರೆ ಎದುರು ಕುಳಿತು ಉತ್ತರ ಹೇಳುವ ಒಬ್ಬ ಮನುಷ್ಯ ಇರುವನೇ?

ಈ ಆರಕ್ಕೂ ಹೌದೆಂಬ ಉತ್ತರ ಸಿಕ್ಕಿದಲ್ಲಿ ಯಂತ್ರಗಳನ್ನು ಸಂತೋಷದಿಂದ ಸ್ವಾಗತಿಸೋಣ. ಒಂದಕ್ಕೆ ಇಲ್ಲವೆಂದರೂ ಇನ್ನೊಂದು ಹಂಗಾಮು ಕಾಯುವುದರಿಂದ ನಷ್ಟವಿಲ್ಲ. ಸದಸ್ಯ ಬಂಧುಗಳು ತಮ್ಮ ಅನುಭವ, ಸಲಹೆ, ದೂರುಗಳನ್ನು ಬರೆದು ಕಳುಹಿಸಬೇಕಾಗಿ ಕೋರುತ್ತೇವೆ. ತೂಕದ ಚೀಟಿ ಇದ್ದಲ್ಲಿ ಅದರ ಪ್ರತಿಯನ್ನೂ ಜೊತೆಗಿಟ್ಟರೆ ಉಪಕಾರವಾಗುವುದು.