ಹಕ್ಕಿಯಂಥ ಚಿಟ್ಟೆ, ಅದರ ಒಂದೇ ಬಳ್ಳಿ

ಉತ್ತರ ಕರ್ನಾಟಕದವರು ಪಾತರಗಿತ್ತಿ ಎಂದು ಕರೆಯುವ ಜೀವಿಗೆ ಮರಾಠಿಯಲ್ಲಿ ‘ಫುಲಪಾಖರು’ ಎಂಬ ಹೆಸರಿದೆ. ಅಂದರೆ ಹೂವಿನ ಹಕ್ಕಿ. ಈ ಹೆಸರಿಗೆ ಪೂರ್ತಿಯಾಗಿ ಒಪ್ಪುವ ಚಿಟ್ಟೆಯೊಂದು ಪಪುವಾ ನ್ಯೂಗಿನಿ ದೇಶದ ಓರೋ ಪ್ರಾಂತದ ಮಳೆಕಾಡಿನಲ್ಲಿದೆ. ಅದೇ ಕ್ವೀನ್ ಅಲೆಕ್ಸಾಂಡ್ರಾಸ್ ಬರ್ಡ್‌ವಿಂಗ್, ಜಗತ್ತಿನ ಅತಿ ದೊಡ್ಡ ಚಿಟ್ಟೆ. 1906ರಲ್ಲಿ ಆಲ್ಬರ್ಟ್ ಮೀಕ್ ಎಂಬ ಸಂಗ್ರಾಹಕನು ಎತ್ತರದಲ್ಲಿ ಹಾರುತ್ತಿದ್ದ ಹೆಣ್ಣು ಚಿಟ್ಟೆಯೊಂದನ್ನು ಹಕ್ಕಿಯಂತೆಯೇ ಬಂದೂಕಿನಿಂದ ಹೊಡೆದು ಕೆಡವಿದನು. ಮರುವರ್ಷ ವಾಲ್ಟರ್ ರಾತ್ಸ್‌ಚೈಲ್ಡ್ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿ, ಇಂಗ್ಲೆಂಡಿನ ರಾಣಿಯ ಹೆಸರನ್ನಿಟ್ಟನು.

ಹೆಣ್ಣಿನ ರೆಕ್ಕೆಗಳ ಹರವು 25 ಸೆಂಟಿಮೀಟರನ್ನೂ ಮೀರುತ್ತದೆ. ಬಣ್ಣ ಕಂದು, ಅದರ ಮೇಲೆ ಕೆನೆಬಿಳುಪಿನ ಗುರುತುಗಳು. ಗಂಡು ಚಿಕ್ಕದಾದರೂ ಚೆಲುವಿನಲ್ಲಿ ಮಿಗಿಲು: ನೀಲಿ-ಹಸಿರು ಹೊಳಪಿನ ರೆಕ್ಕೆ, ಹಳದಿ ಹೊಟ್ಟೆ. ಇದು ಕವಲುಬಾಲದ ಚಿಟ್ಟೆಗಳ ಕುಟುಂಬಕ್ಕೆ ಸೇರಿದ್ದು. ಬಾಲವಿಲ್ಲದಿದ್ದರೂ ಈ ಕುಟುಂಬಕ್ಕೆ ಸೇರಿರುವುದಕ್ಕೆ ಮರಿಹುಳುವಿನಲ್ಲಿ ಕುರುಹುಂಟು. ಕೆಣಕಿದರೆ ಅದು ತಲೆಯ ಹಿಂದಿನಿಂದ ಘಾಟು ವಾಸನೆಯ, ಕವಲೊಡೆದ ಅಂಗವೊಂದನ್ನು ಹೊರಚಾಚುತ್ತದೆ. ಈ ಕುಟುಂಬದ ಮರಿಹುಳುಗಳಿಗೆಲ್ಲ ಇದೇ ಗುರುತು.

ಹೆಣ್ಣು ಮೊಟ್ಟೆಯಿಡುವುದು ಈಶ್ವರಬಳ್ಳಿಯ ಬಳಗಕ್ಕೆ ಸೇರಿದ, ಮರದ ನೆತ್ತಿಗೇರುವ ಒಂದು ಕಾಡುಬಳ್ಳಿಯ ಎಲೆಯ ಮೇಲೆ. ಆ ಎಲೆಗಳಲ್ಲಿ ವಿಷವಿದೆ. ಮರಿಹುಳು ಅದನ್ನು ತಿಂದು ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಹಕ್ಕಿಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ನಾಲ್ಕು ತಿಂಗಳು ಬೇಕು. ಶತ್ರುವಿನಿಂದ ಕಾಯುವ ಬಳ್ಳಿಯೇ ಅದರ ಕಟ್ಟುಪಾಡೂ ಹೌದು. ಕಾಡು ಕಡಿದರೆ ಬಳ್ಳಿಗೆ ಆಸರೆಯಿಲ್ಲ. ಬಳ್ಳಿಯಿಲ್ಲದೆಡೆ ಮರಿಹುಳುವಿಗೆ ಅನ್ನವಿಲ್ಲ.

1951ರಲ್ಲಿ ಲ್ಯಾಮಿಂಗ್ಟನ್ ಪರ್ವತದ ಅಗ್ನಿಪರ್ವತ ಸಿಡಿದು ಈ ಚಿಟ್ಟೆಯ ನೆಲೆಯ ದೊಡ್ಡ ಭಾಗ ಸುಟ್ಟುಹೋಯಿತು. ಆ ಬಳಿಕ ಪೊಪೊಂಡೆಟ್ಟಾ ಬಯಲಿನ ಕಾಡನ್ನು ಎಣ್ಣೆತಾಳೆಯ ತೋಟಗಳು ಆಕ್ರಮಿಸಿದವು. ಸಂಗ್ರಾಹಕರ ಆಸೆಯೂ ಕಡಿಮೆಯದಲ್ಲ. ಅಂತಾರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲ ಅನುಬಂಧದಲ್ಲಿ ಇದರ ಹೆಸರಿದ್ದು, ವಾಣಿಜ್ಯ ವ್ಯಾಪಾರಕ್ಕೆ ನಿಷೇಧವಿದೆ. ಆದರೆ ಈ ನಿಷೇಧ ಸಂಗ್ರಾಹಕನ ಬಲೆಯನ್ನು ತಡೆಯುತ್ತದೆಯೇ ಹೊರತು ಕಾಡಿಗೆ ಬೀಳುವ ಕೊಡಲಿಯನ್ನಲ್ಲ. ಕಾಡಿನ ಒಡೆಯರಾದ ಹಳ್ಳಿಗರಿಗೆ ತಾಳೆ ಹಣ ತರುತ್ತದೆ. ಮಾರುವಂತಿಲ್ಲದ ಚಿಟ್ಟೆ ಏನನ್ನೂ ತರದು. ಅವರ ಬದುಕಿಗೆ ದಾರಿ ತೋರದೆ ಬಳ್ಳಿಯನ್ನು ಉಳಿಸುವುದು ಕಷ್ಟ.

ಕರ್ನಾಟಕದ ರಾಜ್ಯಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇದೇ ಕುಟುಂಬದ್ದು. ಪಶ್ಚಿಮ ಘಟ್ಟದಲ್ಲಿ ಅದರ ಮರಿಹುಳುವೂ ಈಶ್ವರಬಳ್ಳಿಯನ್ನೇ ಮೇಯುತ್ತದೆ. ಅದು ಇಂದು ಅಳಿವಿನಂಚಿನಲ್ಲಿಲ್ಲ. ಆದರೆ ಈಶ್ವರಬಳ್ಳಿಯ ಬೇರನ್ನು ಔಷಧಕ್ಕೆಂದು ಅಗೆಯುವ ರೂಢಿ ನಮ್ಮಲ್ಲಿದೆ. ಓರೋ ಪ್ರಾಂತದ ಕಥೆಯನ್ನು ಓದಿದವರು ಚಿಟ್ಟೆಯ ಜೊತೆಗೆ ಆ ಬಳ್ಳಿಯನ್ನೂ ಗುರುತಿಸಲು ಕಲಿಯಬೇಕು.